ಕಾಲು ಮೈಲಿಯ ನ್ಯಾಯ

 ಒಂದು ಹಳೆಯ ತಗಾದೆ ತೀರಬೇಕು. ತಿರುವೇ ಇಲ್ಲದ ಡ್ರ್ಯಾಗ್ ರೇಸಿನಲ್ಲಿ ಆಕ್ಸಿಲರೇಟರ್ ತುಳಿಯುವುದಲ್ಲದೆ ಚಾಲಕನಿಗೇನು ಕೆಲಸ ಎಂದು ಸರ್ಕ್ಯೂಟ್ ರೇಸಿನ ಪಂಗಡದವರು ಬಹುಕಾಲದಿಂದ ಮೂಗು ಮುರಿಯುತ್ತಿದ್ದಾರೆ. ಕಾಲು ಮೈಲಿಯ, ಅಂದರೆ 402 ಮೀಟರಿನ, ಈ ಓಟದ ಗಡಿಯಾರ ಓಡುವ ಬಗೆಯನ್ನು ಅವರು ಗಮನಿಸಬೇಕು. ಹಸಿರು ದೀಪ ಹೊತ್ತಿದರೂ ಅದು ಸುಮ್ಮನಿರುತ್ತದೆ. ಮುಂಚಕ್ರ ಹೊರಡುವ ಗೆರೆಯ ಬೆಳಕಿನ ಕಿರಣ ಬಿಟ್ಟು ಸರಿದಾಗಲೇ ಶುರು. ಒಬ್ಬ 14.0 ಸೆಕೆಂಡಿನಲ್ಲಿ ಓಡಿದರೂ ದೀಪ ಕಂಡು ಹೊರಡಲು 0.9 ಸೆಕೆಂಡ್ ತೆಗೆದುಕೊಂಡನೆನ್ನಿ. 0.6ಕ್ಕೇ ಹೊರಟು 14.2ರಲ್ಲಿ ಓಡಿದ ಗೆಳೆಯ ಅವನಿಗಿಂತ ಮೊದಲು ಗೆರೆ ಮುಟ್ಟುತ್ತಾನೆ. ಆತುರಪಟ್ಟು ದೀಪಕ್ಕೂ ಮೊದಲೇ ಹೊರಟರೆ ಸೋಲು. ನಿಧಾನದ ಕಾರು ನ್ಯಾಯವಾಗಿಯೇ ಗೆಲ್ಲಬಲ್ಲ ಈ ಆಟಕ್ಕೆ ಪಕ್ಕದ ಲೇನಿನಲ್ಲಿ ಗೆಳೆಯನೊಬ್ಬ ಇರಲೇಬೇಕು. ಒಂಟಿಯಾಗಿ ಓಡಿಸಿ ಮೊಬೈಲಿನಲ್ಲಿ ಸಮಯ ಅಳೆದುಕೊಳ್ಳುವವರಿಗೆ ಸಿಗುವುದು ಅರ್ಧ ಲೆಕ್ಕ.

ಲಾಂಚ್ ಕಂಟ್ರೋಲ್ ಇರುವ ಇಂದಿನ ಕಾರುಗಳು ದೊಡ್ಡ ಇಂಜಿನ್ನಿನ ಹಳೆಯ ಅಮೆರಿಕನ್ ಮಸಲ್ ಕಾರುಗಳನ್ನು ಸುಲಭವಾಗಿ ಹಿಂದಿಕ್ಕುತ್ತವೆ, ಒಪ್ಪಿದೆ. ಆದರೆ ಹಿಂಚಕ್ರ ಎಷ್ಟು ಸುತ್ತಿದರೆ ಹಿಡಿತ ತಪ್ಪುತ್ತದೆಂದು ಅಲ್ಲಿ ತೀರ್ಮಾನಿಸುವುದು ಕಂಪ್ಯೂಟರು. ನಾಲ್ಕು ಗೇರಿನ ಹಳೆಯ ಕಾರಿನಲ್ಲಿ ಭಾರ ಹಿಂದಕ್ಕೆ ಸರಿದು ಟೈರು ನೆಲ ಕಚ್ಚುವ ಕ್ಷಣವನ್ನು ಕ್ಲಚ್ಚಿನ ಮೇಲಿನ ಎಡಗಾಲೇ ಅರಿಯಬೇಕು. ಅದನ್ನು ಕಲಿಯಲು ಅಮೆರಿಕದ ವಿ-8 ಕೂಡ ಬೇಕಿಲ್ಲ.  ನಮ್ಮ ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆ ಒಂದು ಕಾಲಕ್ಕೆ ಕ್ರೈಸ್ಲರ್ ಕಂಪನಿಯ ಡಾಜ್, ಪ್ಲಿಮತ್ ಕಾರುಗಳನ್ನು ಜೋಡಿಸುತ್ತಿತ್ತು. 1960ರ ದಶಕದ ಡಾಜ್ ಚಾರ್ಜರ್, ಪ್ಲಿಮತ್ ರೋಡ್ ರನ್ನರ್ ಅದೇ ಮನೆತನದವು. ಮುಂದೆ ಅಲ್ಲಿಂದಲೇ ಬಂದ ಪದ್ಮಿನಿಗೆ 1089 ಸಿಸಿ ಇಂಜಿನ್, ಸ್ಟೀರಿಂಗ್ ಪಕ್ಕದ ಗೇರು. ವೇಗ ಕಡಿಮೆ, ಆದರೆ ಶಕ್ತಿ ಹೋಗುವುದು ಹಿಂಚಕ್ರಕ್ಕೇ. ಸರಿಸಮ ಸ್ಥಿತಿಯ ಎರಡು ಪದ್ಮಿನಿಗಳು ಅಕ್ಕಪಕ್ಕ ನಿಂತರೆ ಗೆಲುವು ಪೂರ್ತಿ ಚಾಲಕನದು. 1964ರ ಪಾಂಟಿಯಾಕ್ ಜಿಟಿಓದಂಥ ಮಸಲ್ ಕಾರಿನ 6.4 ಲೀಟರ್ ಇಂಜಿನ್ ಹೇಳಿಕೊಡುವುದಕ್ಕಿಂತ ಹೆಚ್ಚನ್ನು ಈ ಬಡ ಕಾರು ಹೇಳಿಕೊಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂಬಯಿಯಲ್ಲಿ ಜಾಗವೆಲ್ಲಿದೆ, ನಡುರಾತ್ರಿಯ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ತಾನೇ ಗತಿ ಎನ್ನುವವರಿದ್ದಾರೆ. ಈ ವಾದ ನನಗೆ ಸುತರಾಂ ಒಪ್ಪಿಗೆಯಿಲ್ಲ. ಗೆರೆ ದಾಟಿದ ಮೇಲೆ ಕಾರು ನಿಲ್ಲಲೂ ಖಾಲಿ ರಸ್ತೆ ಬೇಕು. ಹಳೆಯ ಡ್ರಮ್ ಬ್ರೇಕಿಗಂತೂ ಇನ್ನೂ ಉದ್ದ ಬೇಕು. ಹೈವೇಯಲ್ಲಿ ಆ ಉದ್ದದೊಳಗೆ ಬೇರೆಯವರ ಜೀವಗಳಿರುತ್ತವೆ. ಮದ್ರಾಸಿನ ಬಳಿಯ ಶೋಲಾವರಂನ ಯುದ್ಧಕಾಲದ ವಿಮಾನಪಟ್ಟಿ ದಶಕಗಳ ಕಾಲ ರೇಸಿಗೆ ಒದಗಿತು. ನಮಗೆ ಹತ್ತಿರದ ಆಂಬಿ ವ್ಯಾಲಿಯ ರನ್‌ವೇಯಲ್ಲೂ ಡ್ರ್ಯಾಗ್ ರೇಸ್ ನಡೆದಿದೆ. ಇಂಥ ಕೂಟ ನಡೆಸುವವರು ಹಳೆಯ ಕಾರುಗಳಿಗೆ ಬೇರೆ ವರ್ಗ ಇಡಲಿ, ಫಲಿತಾಂಶದ ಚೀಟಿಯಲ್ಲಿ ಓಟದ ಸಮಯದ ಜೊತೆಗೆ ಹೊರಟ ಸಮಯವನ್ನೂ ಅಚ್ಚುಹಾಕಲಿ. ಪದ್ಮಿನಿ ಇಟ್ಟುಕೊಂಡವರು ಅಲ್ಲಿಯವರೆಗೆ ಹೈವೇಗೆ ಇಳಿಯಬೇಡಿ.