ಎಣಿಕೆಗೆ ಸಿಕ್ಕವರು, ಸಿಗದವರು

2020ರ ಲಾಕ್‌ಡೌನಿನಲ್ಲಿ ಊರು ಸೇರಲಾಗದೆ ಉಳಿದ ವಲಸೆ ಕಾರ್ಮಿಕರ ಬಗ್ಗೆ 'ಸ್ವಾನ್' ಎಂಬ ಸ್ವಯಂಸೇವಕರ ಜಾಲ ಆ ವರ್ಷ ಏಪ್ರಿಲ್‌ನಲ್ಲಿ ಹೊರತಂದ ವರದಿಯನ್ನು ನೀವು ಒಮ್ಮೆ ಓದಬೇಕು. ಜಾಲ ಸಂಪರ್ಕಿಸಿದ್ದು 11,159 ಕಾರ್ಮಿಕರನ್ನು. ಶೇ. 96ರಷ್ಟು ಮಂದಿಗೆ ಸರ್ಕಾರದ ಪಡಿತರ ಸಿಕ್ಕಿರಲಿಲ್ಲ ಎನ್ನುತ್ತದೆ ವರದಿ.

ವಿಜ್ಞಾನದ ವಿದ್ಯಾರ್ಥಿಗಳು ಕೇಳಬೇಕಾದ ಮೊದಲ ಪ್ರಶ್ನೆ: ಇದು ಯಾದೃಚ್ಛಿಕ ಮಾದರಿಯೇ? ಅಲ್ಲ. ಸಂಕಟದಲ್ಲಿದ್ದು, ಫೋನಿನಲ್ಲಿ ಸಿಕ್ಕವರು ಇವರು. ಆದ್ದರಿಂದ ಈ 96ನ್ನು ದೇಶದ ವಲಸಿಗರೆಲ್ಲರಿಗೂ ಅನ್ವಯಿಸಲಾಗದು.

ಆದರೂ ವರದಿಗೆ ಬೆಲೆಯಿದೆ. 'ಇನ್ನೆಷ್ಟು ದಿನಕ್ಕಾಗುವಷ್ಟು ದಿನಸಿ ಇದೆ?' ಎಂಬುದು ಕೊಠಡಿಯಲ್ಲಿ ಕುಳಿತು ಹೊಸೆದ ಪ್ರಶ್ನೆಯಲ್ಲ. ನೆರವು ತಲುಪಿಸಲು ಕೇಳಲೇಬೇಕಾಗಿದ್ದದ್ದು. ಅರ್ಧದಷ್ಟು ಜನರ ಬಳಿ ಒಂದು ದಿನಕ್ಕೂ ಸಾಲದಷ್ಟಿತ್ತು!

ಇಂಥ ಅಧ್ಯಯನಕ್ಕೆ ಅನುದಾನ ಕೇಳುವಾಗ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಕಾರ್ಮಿಕ ಸಂಘಟನೆಯನ್ನು 'ಮಾಹಿತಿ ಸಂಗ್ರಹ' ಎಂಬ ಬಾಬ್ತಿನಲ್ಲಿ ಸೇರಿಸಿ ಕೈತೊಳೆದುಕೊಳ್ಳುತ್ತವೆ. ಪ್ರಶ್ನೆ ಆರಿಸುವಾಗ ಅವರಿಲ್ಲ, ಹಣದ ಲೆಕ್ಕದಲ್ಲೂ ಇಲ್ಲ. ಇದು ಬರಿಯ ನ್ಯಾಯದ ಮಾತಲ್ಲ, ಮಾದರಿಯ ದೋಷವೂ ಹೌದು. ಫೋನಿಲ್ಲದವರು ಯಾವ ಶೆಡ್ಡಿನಲ್ಲಿದ್ದಾರೆ ಎಂಬುದು ಮೇಸ್ತ್ರಿಯನ್ನು ಬಿಟ್ಟರೆ ಜೊತೆಯ ಕಾರ್ಮಿಕರಿಗೇ ಗೊತ್ತು.