ಸೈನಿಕ ಶಿಕ್ಷಣವೂ ಅಭಿಕ್ಷಮತಾ ಪರೀಕ್ಷೆಗಳೂ: ಒಂದು ವಿಮರ್ಶೆ

ಸೈನ್ಯದ ವೃತ್ತಿಶಿಕ್ಷಣದಲ್ಲಿ ಯಾರು ಯಶಸ್ವಿಗಳಾಗುವರೆಂಬುದನ್ನು ಅಭಿಕ್ಷಮತಾ ಪರೀಕ್ಷೆಯಿಂದ ಮುಂದಾಗಿಯೇ ಅರಿಯಬಹುದೆಂಬ ನಂಬಿಕೆ ಶತಮಾನಕ್ಕೂ ಹಳೆಯದು. 1917ರಲ್ಲಿ ಅಮೆರಿಕೆಯ ರಾಬರ್ಟ್ ಯರ್ಕೀಸ್ ಮತ್ತು ಅವರ ಸಹಯೋಗಿಗಳು ಇಂಗ್ಲಿಷ್ ಬಲ್ಲವರಿಗೆ ‘ಆಲ್ಫಾ’, ಓದಲಾರದವರಿಗೆ ‘ಬೀಟಾ’ ಎಂಬ ಪರೀಕ್ಷೆಗಳನ್ನು ರಚಿಸಿದರು. ಸುಮಾರು 17 ಲಕ್ಷ ಜನ ಪರೀಕ್ಷಿತರಾದರು. ಭಾಷೆಯ ಅಪರಿಚಯವನ್ನು ಬುದ್ಧಿಯ ಕೊರತೆಯೆಂದು ಎಣಿಸಬಾರದೆಂಬ ವಿವೇಕವು ಆ ವಿಭಾಗದಲ್ಲಿಯೇ ಅಡಗಿದ್ದಿತು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತರುಣರಿಗೆ ಇದು ದೂರದ ಚರ್ಚೆಯಲ್ಲ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯ ಭೂಸೇನಾ ಭರ್ತಿಯಲ್ಲಿ, 2023ರಿಂದ ಲಿಖಿತ ಪರೀಕ್ಷೆಯೇ ಮೊದಲ ಬಾಗಿಲು. ದೇಹದಾರ್ಢ್ಯದ ಪರೀಕ್ಷೆ ಅನಂತರದ್ದು. 2025ರಲ್ಲಿ ಆ ಪರೀಕ್ಷೆ ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಯಿತು.

ಆಯ್ಕೆಯಾದವರ ಅಂಕಗಳಿಗೂ ಅವರ ಶಿಕ್ಷಣದ ಫಲಿತಾಂಶಕ್ಕೂ ಸಹಸಂಬಂಧ ಅಲ್ಪವೆಂದು ಕಂಡು, ಪರೀಕ್ಷೆಯೇ ನಿರರ್ಥಕವೆಂದು ಸಾರುವವರುಂಟು. ಈ ವಾದ ನಿಲ್ಲಲಾರದು. ಗೋಟನ್ನೆಲ್ಲ ಹೊರಗೆ ಹಾಕಿ ಉತ್ತಮ ಚಾಲಿಯನ್ನಷ್ಟೇ ತುಂಬಿದ ಚೀಲದಲ್ಲಿ ಅಡಕೆಯ ಗುಣಭೇದವನ್ನು ಅರಸಿದರೆ, ಭೇದವು ಅಲ್ಪವೆಂದೇ ತೋರುವುದು. ತಿರಸ್ಕೃತರಾದವರು ಶಿಕ್ಷಣದಲ್ಲಿ ಏನಾಗುತ್ತಿದ್ದರೆಂಬುದು ತಿಳಿಯದಿರುವುದೇ ಇಲ್ಲಿನ ತೊಡಕು. ಅಂತಹವರಿಗೂ ಅವಕಾಶ ದೊರೆತ ಸಂದರ್ಭವೊಂದುಂಟು. 1966ರಲ್ಲಿ ಅಮೆರಿಕೆಯ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮ್ಯಾಕ್‌ನಮಾರಾ ಹೂಡಿದ ‘ಒಂದು ಲಕ್ಷದ ಯೋಜನೆ’ಯಲ್ಲಿ, ಮಟ್ಟವನ್ನು ಇಳಿಸಿ 3 ಲಕ್ಷಕ್ಕೂ ಮಿಕ್ಕ ಜನರನ್ನು ಸೇರಿಸಿಕೊಂಡರು. ಬಹುಪಾಲಿನವರು ಮೂಲಶಿಕ್ಷಣವನ್ನು ಪೂರೈಸಿದರು. ಆದರೆ ಅನುತ್ತೀರ್ಣರಾದವರ ಪ್ರಮಾಣ ಇತರರಿಗಿಂತ ಹೆಚ್ಚಾಗಿದ್ದಿತು. ಎಂದರೆ, ಪರೀಕ್ಷೆಯು ಗುಂಪಿನ ವಿಷಯದಲ್ಲಿ ನಿಜವನ್ನೇ ನುಡಿಯಿತು. ವ್ಯಕ್ತಿಯ ವಿಷಯದಲ್ಲಿ ಅನೇಕ ಸಲ ತಪ್ಪಿತು.

ಮೇಲೆ ಹೇಳಿದ ತಾಲೂಕುಗಳಲ್ಲಿ ಈ ತಪ್ಪಿಗೆ ಇನ್ನೊಂದು ಕಾರಣವೂ ಕೂಡಿಕೊಳ್ಳುತ್ತದೆ. ಇಲ್ಲಿ ಹವ್ಯಕ ಕನ್ನಡ, ಕೊಂಕಣಿ, ಮರಾಠಿಗಳು ಅನೇಕರ ಮನೆಮಾತು. ಶಾಲೆಯ ಮಾತು ಕನ್ನಡ. ಸೈನ್ಯದ ಮಾತು ಹಿಂದಿ. ಹಿಂದಿಯ ಪ್ರಶ್ನಪತ್ರಿಕೆಯು ಶಿಕ್ಷಣದ ಫಲವನ್ನು ಹೆಚ್ಚು ನಿಖರವಾಗಿ ಸೂಚಿಸಿದರೆ ಆಶ್ಚರ್ಯಪಡಬೇಕಾದುದಿಲ್ಲ. ಆದರೆ ಆ ನಿಖರತೆ ಅಭಿಕ್ಷಮತೆಯದಲ್ಲ, ಭಾಷಾಪರಿಚಯದ್ದು. ಕಲಿಸಿ ನೀಗಬಹುದಾದ ಕೊರತೆಗಾಗಿ ಯೋಗ್ಯನನ್ನೇ ಕೈಬಿಟ್ಟಂತಾಗುವುದು. ಕನ್ನಡ ಪತ್ರಿಕೆ ಈ ಅನ್ಯಾಯವನ್ನು ತಗ್ಗಿಸಿದೆ. ಆದರೂ ಶಿಕ್ಷಣದ ಆರಂಭದಲ್ಲಿ ಭಾಷೆಯ ನೆರವು ದೊರೆಯದಿದ್ದರೆ, ಪರೀಕ್ಷೆಯಲ್ಲಿ ಗೆದ್ದವನು ಶಿಬಿರದಲ್ಲಿ ಹಿಂದೆ ಬೀಳುವನು. ದೋಷವು ಕನ್ನಡ ಪತ್ರಿಕೆಯ ತಲೆಗೆ ಬರುವುದು. ನಾಲ್ಕು ವರ್ಷಗಳ ಕೊನೆಯಲ್ಲಿ ನೂರಕ್ಕೆ 25ರವರೆಗೆ ಮಾತ್ರ ಉಳಿಸಿಕೊಳ್ಳುವ ಯೋಜನೆಯಲ್ಲಿ ಈ ಹಿಂಬೀಳು ಜೀವನೋಪಾಯದ ಪ್ರಶ್ನೆಯಾಗುತ್ತದೆ.

ಆದುದರಿಂದ ಮುನ್ಸೂಚನೆಯ ನಿಖರತೆಯೊಂದೇ ಪರೀಕ್ಷೆಗೆ ಒರೆಗಲ್ಲಾಗಲಾರದು. ಅದು ಯಾವ ಶಿಕ್ಷಣದ ಯಶಸ್ಸನ್ನು ಸೂಚಿಸುವುದೋ ಆ ಶಿಕ್ಷಣವನ್ನೂ ಜೊತೆಯಲ್ಲಿಯೇ ತೂಗಿ ನೋಡಬೇಕು.