ವಸಾಹತು ಮತ್ತು ಕಾಲೋನಿ

ಕನ್ನಡ ವಿಮರ್ಶೆ ಅತಿ ಹೆಚ್ಚು ಸವೆಸಿದ ಪದಗಳಲ್ಲಿ 'ವಸಾಹತು' ಒಂದು. ವಸಾಹತುಶಾಹಿ, ವಸಾಹತೋತ್ತರ, ನಿರ್ವಸಾಹತೀಕರಣ ಅಂತ ಅದರ ಸಂತಾನ ಬೆಳೆಯುತ್ತಲೇ ಇದೆ. ಇದು ಇಂಗ್ಲಿಷಿನ 'ಕಾಲೋನಿ'ಗೆ ನಾವು ಕೊಟ್ಟುಕೊಂಡ ಹೆಸರು. ಆದರೆ ಅದೇ 'ಕಾಲೋನಿ' ಯಾರ ಅನುವಾದಕ್ಕೂ ಕಾಯದೆ ಹಳೇ ಮೈಸೂರಿನ ಹಳ್ಳಿಗಳಿಗೆ ನೇರವಾಗಿ ಬಂದು ಕೂತಿದೆ. 'ಅವ್ನು ಕಾಲೋನಿಯೋನು' ಅಂದರೆ ಸಾಕು, ಜಾತಿ ಕೇಳುವ ಕೆಲಸ ಮುಗಿಯಿತು. ಸೆಮಿನಾರ್ ಹಾಲಿನ ವಸಾಹತಿಗೂ ಊರಾಚೆಯ ಕಾಲೋನಿಗೂ ಇರುವ ನಂಟು ನಮ್ಮ ವಿಮರ್ಶಕರಿಗೆ ಹೊಳೆಯದೆ ಹೋದದ್ದು ಬರೀ ಮರೆವು ಎಂದು ನನಗನ್ನಿಸುವುದಿಲ್ಲ. ವಸಾಹತು ಎಂದಾಗ ಬ್ರಾಹ್ಮಣನಿಂದ ದಲಿತನವರೆಗೆ ಎಲ್ಲರೂ ಒಟ್ಟಿಗೆ ಸೋತವರಾಗುತ್ತಾರೆ, ಎದುರಾಳಿ ಲಂಡನ್ನಿನಲ್ಲಿರುತ್ತಾನೆ. ಕಾಲೋನಿ ಎಂದಾಗ ಎದುರಾಳಿ ಊರೊಳಗೇ ಇದ್ದಾನೆ, ಬೆಳಗಾದರೆ ಕೂಲಿಗೆ ಕರೆಯುತ್ತಾನೆ.

ಇಂಗ್ಲಿಷ್ ಪದಗಳಿಗೆ ಜಾತಿಯಿಲ್ಲ, ಆದ್ದರಿಂದ ಅವು ನಮಗೆ ಬಿಡುಗಡೆ ಎಂಬ ಮಾತು ದಲಿತ ಚಿಂತನೆಯೊಳಗೂ ಇದೆ. ಅರ್ಧ ನಿಜ. ಬೆಂಗಳೂರಿನ ಕನಕಪುರ ರಸ್ತೆಯ ಜರಗನಹಳ್ಳಿಯಲ್ಲಿ ನಿಂತು ನೋಡಿದರೆ ಉಳಿದರ್ಧ ಕಾಣುತ್ತದೆ. (ಸಾಹಿತ್ಯದವರಿಗೆ ಈ ಹೆಸರು ಹನಿಗವನದ ಜರಗನಹಳ್ಳಿ ಶಿವಶಂಕರ್ ಅವರಿಂದ ಪರಿಚಯ.) ಹೆಸರಲ್ಲಿ ಹಳ್ಳಿ ಉಳಿದಿದೆ, ಹೊಲಗದ್ದೆ ಉಳಿದಿಲ್ಲ. ಸುತ್ತಮುತ್ತ ಆರ್‌ಬಿಐ ಲೇಔಟ್, ಕುಮಾರಸ್ವಾಮಿ ಲೇಔಟ್. ಜಯನಗರದ ಕಡೆ ಹೋದರೆ ಎಲ್‌ಐಸಿ ಕಾಲೋನಿ. ಈ ಕಾಲೋನಿಯವರು ವಿಳಾಸ ಹೇಳಲು ತಡವರಿಸುವುದಿಲ್ಲ. ಚಾಮರಾಜನಗರ ಸೀಮೆಯಿಂದ ಬಂದ ನನ್ನ ವಿದ್ಯಾರ್ಥಿಯೊಬ್ಬ ಅರ್ಜಿಯಲ್ಲಿ ಅದೇ ಪದ ಬರೆದು, ಹೊಡೆದುಹಾಕಿ, 'ಮೇನ್ ರೋಡ್' ಅಂತ ತಿದ್ದಿದ್ದ. "ಯಾಕಯ್ಯಾ?" ಅಂದೆ. "ಗೊತ್ತಾಗ್ಬಿಡುತ್ತೆ ಸಾರ್" ಅಂದ. ಮುಂದೆ ಎಲ್‌ಐಸಿ ಸೇರಿದರೆ ಆ ಪದ ನೌಕರಿ ಹೇಳುತ್ತದೆ, ಜನತಾ ಸೇರಿದರೆ ಜಾತಿ ಹೇಳುತ್ತದೆ.

ಲ್ಯಾಟಿನ್ನಿನ 'ಕೊಲೊನಸ್' ಎಂದರೆ ಉಳುವವನು. ಅವನು ಹೊಸ ನೆಲದಲ್ಲಿ ಬೇರೂರಿದ ಜಾಗ 'ಕೊಲೊನಿಯ'. ನಮ್ಮಲ್ಲಿ ಈ ಹೆಸರು ಬಿದ್ದದ್ದು ಉಳಲು ನೆಲವಿಲ್ಲದವರ ಜಾಗಕ್ಕೆ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರ ನಿವೇಶನ, ಜನತಾ ಮನೆ ಕೊಟ್ಟದ್ದು ದೊಡ್ಡ ಕೆಲಸವೇ. ಆದರೆ ಬಹಳಷ್ಟು ಕಡೆ ಆ ಮನೆಗಳು ಎದ್ದದ್ದು ಕೇರಿಯ ಬಗಲಲ್ಲೇ. ಗುಡಿಸಲಿಗೆ ಹೆಂಚು ಬಂತು, ಕೇರಿಗೆ ಇಂಗ್ಲಿಷ್ ಹೆಸರು ಬಂತು, ಊರಿಗೂ ಅದಕ್ಕೂ ನಡುವಿನ ಅಂತರ ಇದ್ದಂತೇ ಇತ್ತು.

ಲೇಔಟ್ ಮೊದಲು ಕಾಗದದ ಮೇಲೆ ಗೆರೆಯಾಗಿ, ಆಮೇಲೆ ನೆಲಕ್ಕಿಳಿಯುತ್ತದೆ. ಸ್ಲಮ್ಮಿಗೆ ನಕ್ಷೆಯಿಲ್ಲ, ಘೋಷಣೆ ಮಾತ್ರ. 1973ರ ಕರ್ನಾಟಕ ಕಾಯ್ದೆ ಅದನ್ನು ಗುರುತಿಸುವುದು ವಾಸಕ್ಕೆ ಯೋಗ್ಯವಲ್ಲದ ಕಟ್ಟಡ, ಆರೋಗ್ಯಕ್ಕೆ ಅಪಾಯ ಇವುಗಳಿಂದ, ಜಾತಿಯಿಂದಲ್ಲ. 'ಸ್ಲಮ್' ಹತ್ತೊಂಬತ್ತನೇ ಶತಮಾನದ ಆರಂಭದ ಲಂಡನ್ನಿನ ಕಳ್ಳಭಾಷೆಯಲ್ಲಿ ಬರೀ 'ಕೋಣೆ' ಆಗಿತ್ತು. ಕನ್ನಡಕ್ಕೆ ಬರುವಾಗ ಅದು ಕೊಳೆಗೇರಿ ಆಯಿತು. ಕೊಳೆ ಸರಿ, ಕೇರಿ ಎಲ್ಲಿಂದ ಬಂತು? ಹಳೆಯ ಕನ್ನಡದಲ್ಲಿ ಕೇರಿ ಎಂದರೆ ಯಾರ ಬೀದಿಯಾದರೂ ಸರಿ ಎಂದು ಪಂಡಿತರು ಹೇಳಬಹುದು. ಒಪ್ಪೋಣ. ಹಾಗಿದ್ದರೆ 'ಕೊಳೆಬೀದಿ' ಯಾಕಾಗಲಿಲ್ಲ? ಮಂಡಳಿಯ ಇಂಗ್ಲಿಷ್ ಹೆಸರಲ್ಲಿ ಮೊದಲಿದ್ದ 'ಕ್ಲಿಯರೆನ್ಸ್' ಹೋಗಿ 'ಡೆವಲಪ್‌ಮೆಂಟ್' ಬಂತು. ಕನ್ನಡದ ಕೇರಿಗೆ ಅಂಟಿದ ಕೊಳೆ ಹೋಗಲಿಲ್ಲ.

ಇನ್ನು 'ಘೆಟ್ಟೋ'. ಅಂಬೇಡ್ಕರ್ ಇದನ್ನು ತಿಳಿದೇ ಎತ್ತಿಕೊಂಡರು. ಅವರ ಅಪೂರ್ಣ ಕೃತಿಯೊಂದರ ಹೆಸರೇ ಅಸ್ಪೃಶ್ಯರನ್ನು ಭಾರತದ ಘೆಟ್ಟೋದ ಮಕ್ಕಳು ಎನ್ನುತ್ತದೆ. 1516ರಲ್ಲಿ ವೆನಿಸ್ ತನ್ನ ಯಹೂದಿಗಳನ್ನು ಕೂಡಿಹಾಕಿದ ಜಾಗ ಅದು. ರಾತ್ರಿ ಬಾಗಿಲು ಹಾಕುತ್ತಿದ್ದರು. ಕೇರಿಗೆ ಬಾಗಿಲಿಲ್ಲ. ಬೀಗವಿರುವುದು ಊರಿನ ಬಾವಿಗೆ, ಗುಡಿಗೆ, ಹೋಟೆಲಿನ ಲೋಟಕ್ಕೆ. ಜಗತ್ತಿನೆದುರು ವಾದ ಹೂಡಲು ಘೆಟ್ಟೋ ಬೇಕೇಬೇಕು. ಕಥೆ, ಆತ್ಮಕಥೆಗಳನ್ನು ಅನುವಾದಿಸುವಾಗ ಮಾತ್ರ ಅದು ಮುಗ್ಗರಿಸುತ್ತದೆ. ಕೇರಿಯೊಳಗಿನ ತಮಟೆ, ಮಾರಮ್ಮ, ಜಗಳ, ಪೋಲಿಮಾತು ಯಾವುದಕ್ಕೂ ಅಲ್ಲಿ ಜಾಗವಿಲ್ಲ.

ಸಿದ್ಧಲಿಂಗಯ್ಯನವರ 'ಊರುಕೇರಿ'ಯ ಜೀವ ಇರುವುದೇ ಆ ನಗುವಿನಲ್ಲಿ. ಎಸ್.ಆರ್. ರಾಮಕೃಷ್ಣ ಅದನ್ನು ಇಂಗ್ಲಿಷಿಗೆ ತಂದಾಗ 2003ರ ಸಾಹಿತ್ಯ ಅಕಾಡೆಮಿ ಪ್ರಕಟಣೆ ಹೆಸರನ್ನು ಹಾಗೇ ಉಳಿಸಿಕೊಂಡಿತು. 2013ರಲ್ಲಿ ನವಯಾನ ಹೊರತಂದಾಗ ಅದು 'ಎ ವರ್ಡ್ ವಿತ್ ಯು, ವರ್ಲ್ಡ್' ಆಯಿತು. ಚೆಂದದ ಹೆಸರು, ಪುಸ್ತಕ ದೂರ ಹೋಗಲು ನೆರವಾದೀತು. ಆದರೆ ಈಗ ಕವಿ ಮಾತಾಡುತ್ತಿರುವುದು ಲೋಕದ ಜೊತೆ. ಊರು ಮುಖಪುಟದಿಂದ ತಪ್ಪಿಸಿಕೊಂಡಿತು. ನನ್ನ ಮತ ಹಳೆಯ ಹೆಸರಿಗೇ.

2024ರ ಜೂನ್‌ನಲ್ಲಿ ಕೇರಳ ಸರ್ಕಾರ ಪರಿಶಿಷ್ಟರ ನೆಲೆಗಳಿಗೆ ಕಾಲೋನಿ, ಸಂಕೇತಂ, ಊರು ಎಂಬ ಪದಗಳನ್ನು ಕೈಬಿಡಲು ಆದೇಶಿಸಿ ನಗರ, ಉನ್ನತಿ, ಪ್ರಕೃತಿ ಎಂಬ ಹೆಸರು ಸೂಚಿಸಿತು. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಸ್ಟಾಲಿನ್ ಸರ್ಕಾರಿ ದಾಖಲೆಗಳಿಂದ 'ಕಾಲೋನಿ' ತೆಗೆಯುವುದಾಗಿ ವಿಧಾನಸಭೆಯಲ್ಲಿ ಹೇಳಿದರು. (ಕೇರಳದಲ್ಲಿ ಊರು ಆದಿವಾಸಿಗಳ ನೆಲೆ, ನಮ್ಮಲ್ಲಿ ಸವರ್ಣರ ನೆಲೆ, ಕಾಸರಗೋಡಿನ ಕನ್ನಡಿಗ ಆ ಆದೇಶ ಓದಿ ಕ್ಷಣಕಾಲ ಬೆಚ್ಚಿರಬೇಕು.) ಅರ್ಜಿ ತಿದ್ದುವ ಹುಡುಗರಿಗೆ ಇದರಿಂದ ಸ್ವಲ್ಪ ನಿರಾಳವಾದರೂ ಆಗಲಿ, ನಾನು ಬೇಡವೆನ್ನಲಾರೆ. ಆದರೆ ನಮ್ಮ ಎಷ್ಟೋ ಕಾಲೋನಿಗಳು ಯಾವ ಆದೇಶವೂ ಇಲ್ಲದೆ ಆಗಲೇ ಅಂಬೇಡ್ಕರ್ ನಗರಗಳಾಗಿವೆ. ಚಂದಾ ಎತ್ತಿ ಬೋರ್ಡು ಬರೆಸಿದವರು ಅಲ್ಲಿನವರೇ. ಆ ಬೋರ್ಡುಗಳಿಗೆ ಕಲ್ಲು ಬಿದ್ದಿದೆ, ಸಗಣಿ ಬಿದ್ದಿದೆ, ಕೇಸುಗಳಾಗಿವೆ. 'ಕಾಲೋನಿ' ಎಂದು ಬರೆದ ಬೋರ್ಡಿಗೆ ಊರಿನವರು ಕಲ್ಲು ಹೊಡೆದ ಸುದ್ದಿಯನ್ನು ನಾನಂತೂ ಕೇಳಿಲ್ಲ.